ನೀರು ಬಿಟ್ಟ ಎಣ್ಣೆ

ತುಮಕೂರು ಬಿಟ್ಟು ಗುಬ್ಬಿ, ನಿಟ್ಟೂರು ಹಾದು ಕಿಬ್ಬನಹಳ್ಳಿ ಕ್ರಾಸ್ ಸೇರುವ ಹೊತ್ತಿಗೆ ರಸ್ತೆಯ ಎರಡೂ ಬದಿ ತೆಂಗಿನ ತೋಟಗಳು ಒತ್ತೊತ್ತಾಗುತ್ತವೆ. ಅಲ್ಲಿಂದ ಒಂದು ದಾರಿ ತುರುವೇಕೆರೆಗೆ, ಇನ್ನೊಂದು ಚಿಕ್ಕನಾಯಕನಹಳ್ಳಿಗೆ. ನೇರ ಹೋದರೆ ತಿಪಟೂರು. ಎತ್ತ ತಿರುಗಿದರೂ ಅದೇ ಮರ. ಕರಾವಳಿಯಿಂದ ಈ ಕಡೆ ಬಂದವರು ಇಲ್ಲಿನ ಅಡುಗೆಮನೆ ನೋಡಿ ಅಚ್ಚರಿಪಡುತ್ತಾರೆ. ಮಂಗಳೂರು, ಕಾಸರಗೋಡಿನ ಮನೆಗಳಲ್ಲಿ ಒಗ್ಗರಣೆಯಿಂದ ಹಪ್ಪಳದವರೆಗೆ ತೆಂಗಿನೆಣ್ಣೆಯೇ ಆದರೆ, ದಿಗಂತದವರೆಗೂ ತೆಂಗೇ ಕಾಣುವ ಈ ಸೀಮೆಯಲ್ಲಿ ಬಾಣಲೆಗೆ ಬೀಳುವುದು ಕಡಲೆಕಾಯಿ ಎಣ್ಣೆ. ಹಿಂದೆ ಹುಚ್ಚೆಳ್ಳೆಣ್ಣೆಯೂ ಇತ್ತು, ಈಗ ಅಂಗಡಿಯ ಸೂರ್ಯಕಾಂತಿ ಎಣ್ಣೆ ಬಂದಿದೆ. ತೆಂಗು ಅಡುಗೆಗೆ ಬರುವುದು ಕಾಯಾಗಿ, ಕೊಬ್ಬರಿಯಾಗಿ, ಹೋಳಿಗೆಯ ಪಕ್ಕದ ಕಾಯಿಹಾಲಾಗಿ. ಕೊಬ್ಬರಿ ಎಣ್ಣೆ ಎಂದರೆ ತಲೆಗೆ ಎಂದೇ ಲೆಕ್ಕ. ಹಾಗೆಂದು ಈ ಸೀಮೆಗೆ ಎಣ್ಣೆಯ ವಿದ್ಯೆ ಗೊತ್ತಿಲ್ಲ ಎಂದುಕೊಂಡರೆ ತಪ್ಪಾಗುತ್ತದೆ. ಸೊಪ್ಪು, ಹೂವು, ಬೇರುಗಳನ್ನು ಎಣ್ಣೆಯಲ್ಲಿ ಕಾಯಿಸಿ ಅವುಗಳ ಸಾರವನ್ನು ಎಣ್ಣೆಗೆ ಇಳಿಸುವ ಕೆಲಸವನ್ನು ಇಲ್ಲಿನ ಹೆಂಗಸರು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ಆ ಕೆಲಸಕ್ಕೂ ತಿಪಟೂರಿಗೆ ಹೆಸರು ತಂದ ಉಂಡೆ ಕೊಬ್ಬರಿಗೂ ಬುಡ ಒಂದೇ ಎಂಬುದು ನನ್ನ ವಾದ. ಎರಡೂ ನೀರನ್ನು ನಿಧಾನವಾಗಿ, ಪೂರ್ತಿಯಾಗಿ ಹೊರಗೆ ಕಳಿಸುವ ಕೆಲಸಗಳು. ಎರಡರಲ್ಲೂ ಕೆಲಸ ಮುಗಿಯಿತು ಎನ್ನುವುದನ್ನು ಕಣ್ಣು, ಕಿವಿ, ಮೂಗು ಹೇಳುತ್ತವೆ. ಮನೆಯ ವಿದ್ಯೆಯ ಬಲವೂ ಅಲ್ಲಿದೆ, ಅದರ ಗಡಿಯೂ ಅಲ್ಲೇ ಇದೆ.

ಮೊದಲು ಕೊಬ್ಬರಿಯ ಮಾತು. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಬಿಸಿಲಿಗೆ ಹರವುವುದಿಲ್ಲ, ಒಡೆಯುವುದಿಲ್ಲ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಒಣಗಿ ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ಕಾಯಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಗಿಟುಕು ಚಿಪ್ಪಿಗೆ ಬಡಿದು ಸದ್ದು ಮಾಡುತ್ತದೆ. ನೀರಿನ ಸದ್ದೇ ಬೇರೆ, ಒಣ ಗಿಟುಕಿನ ಸದ್ದೇ ಬೇರೆ. ಸುಲಿಯುವವರ ಕಿವಿಗೆ ಎರಡರ ನಡುವೆ ಗೊಂದಲವಿಲ್ಲ. ಮಳೆ ಕಡಿಮೆ ಇರುವ, ಗಾಳಿಯಲ್ಲಿ ತೇವ ಕಡಿಮೆ ಇರುವ ಈ ಬಯಲುಸೀಮೆಯ ಹವೆ ಇದಕ್ಕೆ ನೆರವಾಗುತ್ತದೆ. ಕಾಯಿಯನ್ನು ಹೋಳು ಮಾಡಿ ಒಣಗಿಸಿ ಗಾಣಕ್ಕೆ ಕಳಿಸುವ ಕೊಬ್ಬರಿ ಬೇರೆ, ಇಡಿಯಾಗಿ ಒಣಗಿದ ಉಂಡೆ ಬೇರೆ. ಕೇಂದ್ರ ಸರ್ಕಾರ ಬೆಂಬಲ ಬೆಲೆಯನ್ನೂ ಎರಡಕ್ಕೂ ಪ್ರತ್ಯೇಕವಾಗಿ ನಿಗದಿ ಮಾಡುತ್ತದೆ. ತಿಪಟೂರಿನ ಎಪಿಎಂಸಿಯಲ್ಲಿ ಹರಾಜಾಗುವ ಉಂಡೆ ಕೊಬ್ಬರಿ ಬಹುಪಾಲು ಉತ್ತರ ಭಾರತಕ್ಕೆ ಹೋಗಿ ಹಬ್ಬ, ಮದುವೆ, ಪೂಜೆಗಳಲ್ಲಿ ಒಣಹಣ್ಣಿನ ಸಾಲಿಗೆ ಸೇರುತ್ತದೆ. ಇದು ತಿನ್ನುವ ಕೊಬ್ಬರಿ. ಗಾಣಕ್ಕೆ ಹಾಕಿದರೆ ಬೆಳೆಗಾರನಿಗೆ ನಷ್ಟ. ತೆಂಗಿನ ಸೀಮೆಯ ಬಾಣಲೆಯಲ್ಲಿ ತೆಂಗಿನೆಣ್ಣೆ ಕಾಣದಿರುವುದಕ್ಕೆ ರುಚಿಯ ಜೊತೆ ಈ ಲೆಕ್ಕಾಚಾರವೂ ಕಾರಣವಿರಬೇಕು.

ನೀರಿಗೇಕೆ ಇಷ್ಟು ಹೆದರಬೇಕು? ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಚೆನ್ನಾಗಿ ಒಣಗಿದ್ದರೆ ಶೇ 60 ದಾಟಿ ಎಣ್ಣೆಯೇ ಇರುತ್ತದೆ. ತೇವ ಶೇ 6–7ರ ಆಸುಪಾಸಿಗೆ ಇಳಿದರೆ ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಅದಕ್ಕಿಂತ ಹೆಚ್ಚು ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ; ಬೂಷ್ಟಿನ ಕೆಲವು ಜಾತಿಗಳು ಅಫ್ಲಾಟಾಕ್ಸಿನ್ ಎಂಬ, ಯಕೃತ್ತಿಗೆ ಕೇಡು ಮಾಡುವ ವಿಷವನ್ನು ಬಿಡುತ್ತವೆ. ಬೂಷ್ಟು ಕಣ್ಣಿಗೆ ಬೀಳುವ ಮೊದಲೇ ಇನ್ನೊಂದು ಕೆಡುಕು ಶುರುವಾಗಿರುತ್ತದೆ. ನೀರಿದ್ದರೆ ಕಿಣ್ವಗಳು ಕೊಬ್ಬನ್ನು ಒಡೆದು ಬಿಡಿ ಆಮ್ಲಗಳನ್ನಾಗಿಸುತ್ತವೆ, ಎಣ್ಣೆಗೆ ಕಮಟು ವಾಸನೆ ಬರುತ್ತದೆ. ಕೊಬ್ಬರಿ ಎಣ್ಣೆ ಸ್ವಭಾವತಃ ಬಹಳ ತಾಳಿಕೆಯದು. ಅದರ ಕೊಬ್ಬಿನಲ್ಲಿ ಸುಮಾರು ಶೇ 90 ಸ್ಯಾಚುರೇಟೆಡ್, ಅರ್ಧದಷ್ಟು ಲಾರಿಕ್ ಆಮ್ಲ. ಗಾಳಿಯ ಆಮ್ಲಜನಕ ಅದನ್ನು ಸುಲಭಕ್ಕೆ ಕೆಡಿಸಲಾರದು. ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದೂ, ಮಾರ್ಗಶಿರ-ಪುಷ್ಯದ ಬೆಳಗ್ಗೆ ಶೀಸೆಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ ಕೂರುವುದೂ ಇದೇ ಸ್ವಭಾವದಿಂದ. ಇಷ್ಟು ತಾಳಿಕೆಯ ಎಣ್ಣೆಯನ್ನು ಮನೆಯಲ್ಲಿ ಕೆಡಿಸಲು ಒಂದೇ ಸುಲಭದ ದಾರಿ, ಅದಕ್ಕೆ ಹಸಿ ಸೊಪ್ಪು ಹಾಕಿ ನೀರು ಪೂರ್ತಿ ಹೋಗುವ ಮೊದಲೇ ಇಳಿಸುವುದು.

ಎಣ್ಣೆ ಕಾಯಿಸುವುದರಲ್ಲಿ ನನಗೆ ಕಾಣುವ ಜಾಣತನ ಇಲ್ಲಿದೆ. ತೋಟದ ಕಾಲುವೆಯಂಚಿನಲ್ಲಿ, ತೇವದ ಬದುವಿನಲ್ಲಿ ಗರುಗದ ಸೊಪ್ಪು ತಾನಾಗಿ ಬೆಳೆಯುತ್ತದೆ. ಅದನ್ನು ಕಿತ್ತು, ಮಣ್ಣು ತೊಳೆದು, ಅರೆದು, ಜೊತೆಗೆ ಕರಿಬೇವು, ದಾಸವಾಳ, ಒಂದೆಲಗ, ಚಿಟಿಕೆ ಮೆಂತ್ಯ ಸೇರಿಸಿ ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಇಡುತ್ತಾರೆ. ಮನೆಯಿಂದ ಮನೆಗೆ ಸೊಪ್ಪು ಬದಲಾಗುತ್ತದೆ, ಉರಿ ಬದಲಾಗುವುದಿಲ್ಲ. ಎಣ್ಣೆಯಲ್ಲಿ ನೀರಿರುವಷ್ಟು ಹೊತ್ತು ಅದರ ಬಿಸಿ 100 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಒಲೆಯ ಕಾವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಕೊನೆಯ ಹನಿ ಹೋದ ಕೂಡಲೇ ಬಿಸಿ ಸರ್ರನೆ ಏರುತ್ತದೆ, ಕೆಲವೇ ನಿಮಿಷಗಳಲ್ಲಿ ಸೊಪ್ಪು ಸೀದು ಕರಿಯಾಗುತ್ತದೆ. ಗಂಟೆಗಟ್ಟಲೆ ಸುಮ್ಮನೆ ಬಿಡಬಹುದಾದ ಬಾಣಲೆಯನ್ನು ಕೊನೆಯ ಹತ್ತು ನಿಮಿಷ ಬಿಟ್ಟು ಕದಲಬಾರದು ಎಂಬ ಹಿರಿಯರ ಎಚ್ಚರಿಕೆ ಈ ಭೌತಶಾಸ್ತ್ರದ ಮೇಲೆ ನಿಂತಿದೆ. ಗುಳ್ಳೆ ಏಳುವ ಸದ್ದು ತಗ್ಗುವುದು, ಸೊಪ್ಪು ಬೆರಳಲ್ಲಿ ಉಜ್ಜಿದರೆ ಗರಿಗರಿಯಾಗಿ ಪುಡಿಯಾಗುವುದು, ಹಸಿ ವಾಸನೆ ಹೋಗಿ ಹುರಿದ ಘಮ ಬರುವುದು, ಹತ್ತಿಯ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹಚ್ಚಿದರೆ ಚಟಪಟ ಎನ್ನದೆ ಉರಿಯುವುದು: ಇವೆಲ್ಲ ಒಂದೇ ಸಂಗತಿಗೆ ಸಾಕ್ಷಿಗಳು. ಬತ್ತಿ ಸಿಡಿದರೆ ಒಳಗೆ ನೀರಿದೆ. ಅಟ್ಟದ ಕಾಯಿಯನ್ನು ಅಲ್ಲಾಡಿಸಿ ನೋಡುವ ಕಿವಿಯೇ ಇಲ್ಲಿ ಬತ್ತಿಯ ಸದ್ದನ್ನೂ ಕೇಳುತ್ತದೆ.

ಆಯುರ್ವೇದ ಇದನ್ನು ಸ್ನೇಹಪಾಕ ಎಂದು ಕರೆದು ಅಳತೆಗೆ ಕೂರಿಸಿದೆ. ಅರೆದ ಮೂಲಿಕೆ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ಕಷಾಯ ಅಥವಾ ರಸ ಹದಿನಾರು ಪಾಲು ಎಂಬುದು ಶಾರ್ಙ್ಗಧರ ಸಂಹಿತೆ ಹೇಳುವ ಸಾಮಾನ್ಯ ಲೆಕ್ಕ. ಪಾಕದಲ್ಲಿ ಮೃದು, ಮಧ್ಯಮ, ಖರ ಎಂಬ ಹಂತಗಳಿವೆ. ಮೂಗಿಗೆ ಬಿಡುವ ಎಣ್ಣೆಗೆ ಮೃದು, ಮೈಗೆ ತಿಕ್ಕುವುದಕ್ಕೆ ಖರ, ಉಳಿದ ಎಲ್ಲದಕ್ಕೂ ಮಧ್ಯಮ. ಎಣ್ಣೆಯಾದರೆ ಹದ ಬಂದಾಗ ನೊರೆ ಏಳುತ್ತದೆ, ತುಪ್ಪವಾದರೆ ನೊರೆ ಅಡಗುತ್ತದೆ ಎಂಬ ಸೂಕ್ಷ್ಮವೂ ಅಲ್ಲಿದೆ. ಹದಿನಾರು ಪಾಲು ದ್ರವ ಎಂದರೆ ಎಣ್ಣೆಯ ನಾಲ್ಕರಷ್ಟು ನೀರು. ಅದನ್ನು ಇಂಗಿಸಲು ದಿನವಿಡೀ ಸೌದೆ ಬೇಕು. ಮನೆಯವರು ಅಷ್ಟು ಹಾಕುವುದಿಲ್ಲ, ಸೊಪ್ಪಿನಲ್ಲಿರುವ ನೀರಷ್ಟೇ ಸಾಕು ಎನ್ನುತ್ತಾರೆ. ಇದನ್ನು ಶಾಸ್ತ್ರಲೋಪ ಎಂದು ಹಳಿಯುವ ವೈದ್ಯರಿದ್ದಾರೆ. ತಲೆಗೆ ಹಚ್ಚುವ ಎಣ್ಣೆಗೂ ರೋಗಕ್ಕೆ ಕೊಡುವ ತೈಲಕ್ಕೂ ಒಂದೇ ಕಟ್ಟುಪಾಡು ಬೇಕಿಲ್ಲ. ಮನೆ ತನ್ನ ಬಳಕೆಗೆ ತಕ್ಕಷ್ಟು ಇಳಿಸಿಕೊಂಡಿದೆ, ನೀರು ಪೂರ್ತಿ ಹೋಗಬೇಕು ಎಂಬ ಒಂದನ್ನು ಮಾತ್ರ ಇಳಿಸಿಲ್ಲ.

ಸೊಪ್ಪಿನಿಂದ ನಿಜವಾಗಿ ಏನಾದರೂ ಎಣ್ಣೆಗೆ ಇಳಿಯುತ್ತದೆಯೇ ಎಂದು ಕೇಳುವವರಿಗೆ ಪ್ರಾಮಾಣಿಕ ಉತ್ತರ ಕೊಡಬೇಕು. ಎಣ್ಣೆಯಲ್ಲಿ ಕರಗುವುದು ಇಳಿಯುತ್ತದೆ, ನೀರಲ್ಲಿ ಮಾತ್ರ ಕರಗುವುದು ಗಸಿಯಲ್ಲೇ ಉಳಿಯುತ್ತದೆ. ಗರುಗದ ಸೊಪ್ಪು ಎಣ್ಣೆಯನ್ನು ಹಸಿರಾಗಿಸುತ್ತದೆ, ಏಕೆಂದರೆ ಪತ್ರಹರಿತ್ತು ಎಣ್ಣೆಗೆ ಒಲಿಯುತ್ತದೆ. ಕೆಂಪು ದಾಸವಾಳವನ್ನು ಎಷ್ಟು ಹಾಕಿದರೂ ಎಣ್ಣೆ ಕೆಂಪಾಗುವುದಿಲ್ಲ. ಅದರ ಬಣ್ಣವೂ, ಕೂದಲನ್ನು ನಯ ಮಾಡುವ ಅದರ ಲೋಳೆಯೂ ನೀರಿನ ಕಡೆಯವು. ಲೋಳೆ ಬೇಕಾದವರು ದಾಸವಾಳದ ಎಲೆಯನ್ನು ನೀರಲ್ಲಿ ಕಿವುಚಿ ತಲೆಗೆ ಹಾಕುವ ಹಳೆಯ ಪದ್ಧತಿಯನ್ನೇ ಅನುಸರಿಸಬೇಕು. ಕೂದಲಿಗೆ ಆಗುವ ಒಳಿತಿನಲ್ಲಿ ದೊಡ್ಡ ಪಾಲು ಕೊಬ್ಬರಿ ಎಣ್ಣೆಯದೇ. 2003ರಲ್ಲಿ ಆರತಿ ರೇಲೆ ಮತ್ತು ಆರ್.ಬಿ. ಮೊಹಿಲೆ ಪ್ರಕಟಿಸಿದ ಅಧ್ಯಯನವು ಖನಿಜ ಎಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆಗಳಿಗೆ ಹೋಲಿಸಿ ಕೊಬ್ಬರಿ ಎಣ್ಣೆ ಮಾತ್ರ ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸುತ್ತದೆ ಎಂದು ತೋರಿಸಿತು. ಲಾರಿಕ್ ಆಮ್ಲದ ಅಣು ಚಿಕ್ಕದಾಗಿ, ನೇರ ಸರಪಳಿಯಾಗಿ ಇರುವುದರಿಂದ ಕೂದಲೊಳಗೆ ಇಳಿಯಬಲ್ಲದು ಎಂಬುದು ಅವರ ವಿವರಣೆ. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಮಾರಿಕೊ ಕಂಪನಿಯವರು ಎಂಬುದನ್ನು ಓದುಗರು ನೆನಪಿಡುವುದು ಒಳ್ಳೆಯದು. ಗರುಗ ಬೊಕ್ಕತಲೆಯಲ್ಲಿ ಕೂದಲು ಬೆಳೆಸುತ್ತದೆ ಎಂಬ ಮಾತಿಗೆ ಮನುಷ್ಯರ ಮೇಲಿನ ಗಟ್ಟಿ ಪುರಾವೆ ಇಲ್ಲ. ಕಾಯಿಸಿದ ಎಣ್ಣೆಯನ್ನು ಪ್ರೀತಿಸುವವರು ಈ ಮಾತನ್ನು ಬಿಟ್ಟುಕೊಡಬೇಕು ಎಂದು ನನಗನ್ನಿಸುತ್ತದೆ. ಬಿಟ್ಟುಕೊಟ್ಟರೂ ಎಣ್ಣೆಗೆ ಏನೂ ಕಡಿಮೆಯಾಗುವುದಿಲ್ಲ: ಕೂದಲಿಗೆ ರಕ್ಷಣೆ, ನೆತ್ತಿಗೆ ತಂಪು, ಮೂಗಿಗೆ ಇಷ್ಟವಾದ ಘಮ, ಏನು ಹಾಕಿದೆವು ಎಂಬ ಖಾತರಿ ಉಳಿದೇ ಇರುತ್ತವೆ.

ತಿನ್ನುವ ಎಣ್ಣೆಗೆ ಬಂದರೆ ಇದೇ ನಿಯಮ ಇನ್ನಷ್ಟು ಬಿಗಿಯಾಗುತ್ತದೆ. ನಮ್ಮ ಒಗ್ಗರಣೆಯೂ ಎಣ್ಣೆಗೆ ಸಾರ ಇಳಿಸುವ ಕೆಲಸವೇ. ಇಂಗು, ಸಾಸಿವೆ, ಕರಿಬೇವು, ಬ್ಯಾಡಗಿ ಮೆಣಸಿನಕಾಯಿಯ ಘಮ, ಖಾರ, ಬಣ್ಣಗಳು ಕೊಬ್ಬಿನಲ್ಲಿ ಕರಗುವಂಥವು. ಕಾದ ಎಣ್ಣೆ ಅವನ್ನು ಅರೆಕ್ಷಣದಲ್ಲಿ ಹೀರಿ ಸಾರಿನ ಮೇಲೆಲ್ಲ ಹರಡುತ್ತದೆ. ಈ ಸೀಮೆಯ ಸಾರಿನ ಮಸಾಲೆಗೆ ಕೊಬ್ಬರಿ ರುಬ್ಬುವುದೂ ಹಾಗೆಯೇ, ಅದರ ಕೊಬ್ಬೇ ಮಸಾಲೆಯನ್ನು ಹೊತ್ತು ತರುತ್ತದೆ. ಒಗ್ಗರಣೆ ಮಾಡಿದ್ದನ್ನು ಅಂದೇ ಉಣ್ಣುವುದರಿಂದ ಕೇಡಿಗೆ ಸಮಯ ಸಿಗುವುದಿಲ್ಲ. ಬೆಳ್ಳುಳ್ಳಿಯನ್ನೋ ಹಸಿ ಸೊಪ್ಪನ್ನೋ ಎಣ್ಣೆಯಲ್ಲಿ ಮುಳುಗಿಸಿ ಶೀಸೆಯಲ್ಲಿ ತಿಂಗಳು ಇಡುವುದು ಬೇರೆಯೇ ಮಾತು. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಒಂದು ಹೋಟೆಲಿನಲ್ಲಿ ಎಣ್ಣೆಯಲ್ಲಿ ಹಾಕಿಟ್ಟ ಬೆಳ್ಳುಳ್ಳಿ ತಿಂದು 36 ಜನ ಬಾಟುಲಿಸಂಗೆ ತುತ್ತಾದರು. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಗಾಳಿಯಿಲ್ಲದ, ತೇವದ, ಹುಳಿಯಿಲ್ಲದ ಜಾಗ ಸಿಕ್ಕರೆ ನರಗಳನ್ನು ಕಟ್ಟಿಹಾಕುವ ವಿಷ ಬಿಡುತ್ತದೆ. ಎಣ್ಣೆಯ ಅಡಿಯ ಹಸಿ ಬೆಳ್ಳುಳ್ಳಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಆ ವಿಷಕ್ಕೆ ವಾಸನೆಯಾಗಲಿ ರುಚಿಯಾಗಲಿ ಇರಬೇಕೆಂದಿಲ್ಲ. ನಮ್ಮ ಬೆಳ್ಳುಳ್ಳಿ ಉಪ್ಪಿನಕಾಯಿಯನ್ನು ಕಾಯುವುದು ಅದರ ಉಪ್ಪು ಮತ್ತು ನಿಂಬೆಹುಳಿ, ಮೇಲೆ ತೇಲುವ ಎಣ್ಣೆಯಲ್ಲ. ಈಗ ಪೇಟೆಯ ಅಡುಗೆಮನೆಗಳಲ್ಲಿ ಚಂದಕ್ಕೆಂದು ಶೀಸೆಯ ಎಣ್ಣೆಯೊಳಗೆ ಹಸಿ ಎಸಳು ತೇಲಿಬಿಡುವ ಶೋಕಿ ಹಬ್ಬುತ್ತಿದೆ. ತಿಪಟೂರಿನ ಅಟ್ಟದಿಂದ ಕಲಿಯಬೇಕಾದ ಪಾಠ ಅವರಿಗೇ ಹೆಚ್ಚು ಬೇಕಾಗಿದೆ.

ಎಣ್ಣೆ ಹೀಗೆ ಏನನ್ನಾದರೂ ಹೊರಬಲ್ಲದು ಎಂದ ಮೇಲೆ ಗಾಂಜಾವನ್ನೂ ಹೊರಬಲ್ಲದು. ಅಮಲು ಕೊಡುವ ಟಿಎಚ್‌ಸಿ ನೀರಿಗೆ ಬಗ್ಗುವುದಿಲ್ಲ, ಕೊಬ್ಬಿಗೆ ಬಗ್ಗುತ್ತದೆ. ಇದು ನಮ್ಮ ದೇಶಕ್ಕೆ ಹೊಸತೇನೂ ಅಲ್ಲ. 1839ರಲ್ಲಿ ಕಲ್ಕತ್ತೆಯ ವೈದ್ಯ ವಿಲಿಯಂ ಓ'ಷಾನೆಸ್ಸಿ ಅಲ್ಲಿನವರು ಬೆಣ್ಣೆ-ತುಪ್ಪಕ್ಕೆ ಸಾರ ಇಳಿಸಿ ಮಾಜೂಮ್ ಎಂಬ ಮಿಠಾಯಿ ಮಾಡುವ ಕ್ರಮವನ್ನು ದಾಖಲಿಸಿದ್ದ. ಇಂದು ಹೊರದೇಶಗಳಲ್ಲಿ ಕೊಬ್ಬರಿ ಎಣ್ಣೆಯೇ ಇದಕ್ಕೆ ಅಚ್ಚುಮೆಚ್ಚಿನ ಪಾತ್ರೆ. ಹಾಗಾದರೆ ತೆಂಗಿನ ಸೀಮೆಯ ಮನೆಗಳಲ್ಲಿ ಗರುಗದ ಬದಲು ಇದನ್ನು ಕಾಯಿಸಿದರೇನು ಎಂದು ಕೇಳುವವರು ಹುಟ್ಟಿಕೊಂಡಿದ್ದಾರೆ. ಬೇಡ ಎಂಬ ನನ್ನ ಉತ್ತರಕ್ಕೆ ಮೊದಲ ಕಾರಣ ಕಾನೂನು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ತೆನೆ. ಅದನ್ನು ಬೆರೆಸಿ ಮಾಡಿದ ಯಾವುದೇ ಮಿಶ್ರಣವೂ ಅದೇ ವ್ಯಾಖ್ಯೆಯೊಳಗೆ ಬರುತ್ತದೆ. 2020ರ ಹೀರಾ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಮಾದಕದ ಜೊತೆ ಬೆರೆತ ಇತರ ವಸ್ತುವಿನ ತೂಕವನ್ನೂ ಸೇರಿಸಿಯೇ ಪ್ರಮಾಣ ನೋಡಬೇಕು ಎಂದಿತು. ಶಿಕ್ಷೆ ಪ್ರಮಾಣವನ್ನು ಹಿಡಿದು ನಿಲ್ಲುವುದರಿಂದ ಬಾಣಲೆಯ ಎಣ್ಣೆಯ ತೂಕವೂ ಆರೋಪಿಯ ತಲೆಗೆ ಬರುತ್ತದೆ. ಬರಿಯ ಎಲೆ, ಅಂದರೆ ಭಂಗಿ, ಆ ವ್ಯಾಖ್ಯೆಯ ಹೊರಗಿದೆ ಎಂದು 2022ರಲ್ಲಿ ಕರ್ನಾಟಕ ಹೈಕೋರ್ಟು ಜಾಮೀನು ಆದೇಶವೊಂದರಲ್ಲಿ ಹೇಳಿದ್ದು ನಿಜ. ಗಿಡದ ಬೀಜ ಮತ್ತು ಬೀಜದೆಣ್ಣೆಯನ್ನು 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಮಿತಿ ಹಾಕಿ ಆಹಾರವೆಂದು ಒಪ್ಪಿದ್ದೂ ನಿಜ. ಇವೆರಡನ್ನೂ ಹಿಡಿದುಕೊಂಡು ಹೂವಿನ ಸಾರದ ಎಣ್ಣೆಗೆ ಅಪ್ಪಣೆ ಸಿಕ್ಕಿದೆ ಎಂದು ತಿಳಿಯುವುದು ಅಪಾಯದ ಓದು.

ಕಾನೂನು ನಾಳೆ ಬದಲಾಗಬಹುದು, ಆದ್ದರಿಂದ ಎರಡನೆಯ ಕಾರಣವೇ ನನಗೆ ಮುಖ್ಯ. ಗರುಗದ ಎಣ್ಣೆಯ ಹದಕ್ಕೆ ಸದ್ದಿದೆ, ವಾಸನೆಯಿದೆ, ಬತ್ತಿಯಿದೆ. ಅಮಲಿನ ಬಲಕ್ಕೆ ಅಂಥ ಯಾವ ಗುರುತೂ ಇಲ್ಲ. ಒಂದೇ ಹೊಲದ ಎರಡು ಗಿಡಗಳಲ್ಲಿ ಟಿಎಚ್‌ಸಿ ಒಂದೇ ಸಮ ಇರುವುದಿಲ್ಲ. ಕಾಯಿಸಿದ ಬಿಸಿ ಮತ್ತು ಹೊತ್ತಿಗೆ ತಕ್ಕಂತೆ ಅದರ ಬಲ ಏರುತ್ತದೆ, ಆಮೇಲೆ ಇಳಿಯುತ್ತದೆ. ಎರಡು ಶೀಸೆ ಎಣ್ಣೆ ಬಣ್ಣದಲ್ಲಿ, ಘಮದಲ್ಲಿ ಒಂದೇ ಇದ್ದು ಬಲದಲ್ಲಿ ಹಲವು ಪಟ್ಟು ಬೇರೆಯಾಗಿರಬಹುದು. ತಿಂದದ್ದು ತಲೆಗೇರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏನೂ ಆಗಲಿಲ್ಲವೆಂದು ಇನ್ನೊಂದು ತುತ್ತು ತಿಂದವರು ಆಮೇಲೆ ಗಂಟೆಗಟ್ಟಲೆ ಗಾಬರಿ, ವಾಂತಿ, ಎದೆಬಡಿತದಲ್ಲಿ ನರಳುತ್ತಾರೆ. ಮನೆಯ ಕಪಾಟಿನಲ್ಲಿಟ್ಟ ಕೊಬ್ಬರಿ ಮಿಠಾಯಿಯನ್ನು ಮಕ್ಕಳು ತಿನ್ನುವುದಿಲ್ಲ ಎಂದು ಯಾರು ಹೊಣೆ ಹೊರುತ್ತಾರೆ? 2019ರಿಂದ ತಿನ್ನುವ ಗಾಂಜಾ ಪದಾರ್ಥಗಳ ಮಾರಾಟಕ್ಕೆ ಅನುಮತಿ ಕೊಟ್ಟ ಕೆನಡಾ ಕೂಡ ಒಂದು ಪೊಟ್ಟಣದಲ್ಲಿ 10 ಮಿಲಿಗ್ರಾಂ ಟಿಎಚ್‌ಸಿ ಮೀರಬಾರದು ಎಂದಿತು. ಮಿಲಿಗ್ರಾಂ ಅಳೆಯುವುದು ಪ್ರಯೋಗಾಲಯದ ಕೆಲಸ. ಪರಂಪರೆಯ ಮಾತೆತ್ತುವವರು ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಜಾತ್ರೆಯ ಗಾಂಜಾ ರೂಢಿಯನ್ನು ತೋರಿಸುತ್ತಾರೆ. ಅದು ವರ್ಷಕ್ಕೊಮ್ಮೆ, ಒಂದು ಸ್ಥಳದಲ್ಲಿ, ಭಕ್ತಿಯ ಕಟ್ಟಿನೊಳಗೆ ಇರುವಂಥದ್ದು. ಅಡುಗೆಮನೆಯ ಶೀಸೆಗೆ ಆ ಕಟ್ಟು ಇಲ್ಲ. ಇವೆಲ್ಲಕ್ಕಿಂತ ತೂಕದ ಆಕ್ಷೇಪ ನೋವಿನವರದು. ಕ್ಯಾನ್ಸರ್ ನೋವಿನಲ್ಲಿ ನಿದ್ದೆಗೆಟ್ಟವರು ಇದನ್ನೊಂದು ಆಸರೆಯಾಗಿ ಕಂಡರೆ ಅವರನ್ನು ಕುಡುಕರ ಸಾಲಿನಲ್ಲಿ ನಿಲ್ಲಿಸುವುದು ಕ್ರೌರ್ಯ. ಅವರಿಗೆ ಬೇಕಿರುವುದು ಪ್ರಮಾಣ ಬರೆದ ಶೀಸೆ ಮತ್ತು ಅದನ್ನು ನೋಡಿಕೊಳ್ಳುವ ವೈದ್ಯ. ಆಯುಷ್ ಪರವಾನಗಿಯಡಿ ವಿಜಯಾ, ಅಂದರೆ ಇದೇ ಗಿಡದ, ಎಲೆಯ ಔಷಧಗಳು ವೈದ್ಯರ ಚೀಟಿಯ ಮೇಲೆ ಸಿಗುವ ದಾರಿ ದೇಶದಲ್ಲಿ ಈಗಾಗಲೇ ಇದೆ. ಆ ದಾರಿ ಇನ್ನೂ ಅಗಲವಾಗಲಿ, ಅಗ್ಗವಾಗಲಿ ಎಂದು ಕೇಳುವುದರಲ್ಲಿ ನ್ಯಾಯವಿದೆ.

ತೆಂಗಿನ ಸೀಮೆಗೆ ಕಾಯಿಸಿದ ಎಣ್ಣೆಯಿಂದ ಬರಬೇಕಾದ ಲಾಭ ಬೇರೆ ಕಡೆ ಇದೆ. 2023ರಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಇಷ್ಟು ತೂಗಾಡುವ ಬೆಲೆಗೆ ಇಡೀ ಮೂರು ತಾಲ್ಲೂಕಿನ ಬದುಕನ್ನು ಕಟ್ಟಿಹಾಕಿ, ಎಣ್ಣೆಯ ಲಾಭವನ್ನು ದೂರದ ಕಂಪನಿಗಳಿಗೆ ಬಿಟ್ಟುಕೊಟ್ಟಿದ್ದೇವೆ. ಉಂಡೆಗೆ ಸಲ್ಲದ, ಒಡೆದ, ನುಸಿ ಹಿಡಿದು ಚಿಕ್ಕದಾದ ಕಾಯಿಗಳ ಕೊಬ್ಬರಿ ಅಗ್ಗಕ್ಕೆ ಹೋಗುತ್ತದೆ. ಅದನ್ನು ಊರಿನ ಮರದ ಗಾಣದಲ್ಲೇ ತೆಗೆಸಿ, ತೋಟದ ಗರುಗದಲ್ಲಿ ಕಾಯಿಸಿ ಸ್ತ್ರೀಶಕ್ತಿ ಸಂಘಗಳು ಮಾರಬಹುದು. ಮಾರುವುದಕ್ಕೆ ಸೌಂದರ್ಯವರ್ಧಕದ ಪರವಾನಗಿ ಬೇಕು, ರೋಗ ವಾಸಿ ಎಂದು ಬರೆದರೆ ಔಷಧದ ಪರವಾನಗಿ ಬೇಕು. ಚಿಕ್ಕ ಪೊಟ್ಟಣದ ಶುದ್ಧ ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಯದೋ ಎಂಬ ತೆರಿಗೆ ವ್ಯಾಜ್ಯವೇ ವರ್ಷಗಟ್ಟಲೆ ಎಳೆದು, ತಲೆಗೆಣ್ಣೆ ಎಂದು ಗುರುತು ಹಾಕದಿದ್ದರೆ ಅದು ಅಡುಗೆ ಎಣ್ಣೆಯೇ ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಇಂಥ ಕಾಗದಪತ್ರಗಳ ಗೋಜಲನ್ನು ಒಂಟಿ ಮನೆಯ ಹೆಣ್ಣುಮಗಳು ಬಿಡಿಸಲಾರಳು, ತಾಲ್ಲೂಕಿನ ಸಂಸ್ಥೆಗಳು ಬಿಡಿಸಿಕೊಡಬೇಕು. ಮನೆಗೆ ಸಾಕಾಗುವ ಬತ್ತಿಯ ಪರೀಕ್ಷೆ ಪೇಟೆಗೆ ಸಾಕಾಗುವುದಿಲ್ಲ. ಎಣ್ಣೆಯ ತೇವ, ಬಿಡಿ ಆಮ್ಲ, ಪೆರಾಕ್ಸೈಡ್ ಈ ಮೂರನ್ನು ಅಳೆಯುವ ಚಿಕ್ಕ ಪ್ರಯೋಗಾಲಯಕ್ಕೆ ದೊಡ್ಡ ಬಂಡವಾಳವೇನೂ ಬೇಡ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಊರಿನಲ್ಲಿ ಎಪಿಎಂಸಿ ಅಂಗಳವಿದೆ. ಕೊಬ್ಬರಿ ಹರಾಜಾಗುವ ದಿನವೇ ಅಲ್ಲೊಂದು ಮೇಜು ಹಾಕಿ, ತಂದ ಎಣ್ಣೆಯನ್ನು ಅಳೆದು ಚೀಟಿ ಬರೆದುಕೊಡುವ ಏರ್ಪಾಡನ್ನು ಮುಂದಿನ ಸುಗ್ಗಿಯೊಳಗೆ ಮಾಡಬಹುದು.